ಗೋಡಂಬಿ ನಿಂತ ಮೇಲೆ

ವಿಶ್ವವಿದ್ಯಾಲಯಕ್ಕೆ ದುಡ್ಡಿನ ಮುಗ್ಗಟ್ಟು ಬಂದಿರುವುದು ಮೊಟ್ಟಮೊದಲು ತಿಳಿಯುವುದು ಸಿಂಡಿಕೇಟ್ ಸಭೆಯ ತಟ್ಟೆಗೆ. ಹುರಿದ ಗೋಡಂಬಿಯ ಜಾಗಕ್ಕೆ ಖಾರಾಬೂಂದಿ ಬರುತ್ತದೆ. ಖಾರಾಬೂಂದಿ ಹೋಗಿ ಮಾರಿ ಬಿಸ್ಕತ್ತು ಬರುತ್ತದೆ. ಅದೂ ಹೋಗಿ ಬರೀ ಟೀ ಉಳಿದ ದಿನ, ಅತಿಥಿ ಉಪನ್ಯಾಸಕರ ಗೌರವಧನ ತಿಂಗಳುಗಟ್ಟಲೆ ಬಾಕಿ ಬಿದ್ದಿದೆ ಎಂದು ತಿಳಿಯಬೇಕು. ಹಣಕಾಸು ಅಧಿಕಾರಿಗಳು ಎದ್ದುನಿಂತು ಅಂಕಿಅಂಶ ಓದುವ ಮೊದಲೇ ನಮ್ಮ ಹಳಬರು ತಟ್ಟೆ ನೋಡಿ ಬಜೆಟ್ ಹೇಳಿಬಿಡುತ್ತಾರೆ.

ಬರೀ ಟೀಯ ಹಂತಕ್ಕೆ ಬಂದಾಗ ಯಾವ ವಿಶ್ವವಿದ್ಯಾಲಯವಾದರೂ ಮಾಡುವ ಮೊದಲ ಕೆಲಸ ಒಂದು ಮಿತವ್ಯಯ ಸಮಿತಿ ರಚಿಸುವುದು. ನಮ್ಮಲ್ಲೂ ರಚನೆಯಾಯಿತು. ವಾಣಿಜ್ಯದವರೊಬ್ಬರು, ಅರ್ಥಶಾಸ್ತ್ರದವರೊಬ್ಬರು, ಸಂಚಾಲಕರಾಗಿ ಹಣಕಾಸು ಅಧಿಕಾರಿಗಳು. ಜೊತೆಗೆ ಕನ್ನಡ ವಿಭಾಗದ ನಾನು. ಪ್ರಯೋಗಾಲಯವಿಲ್ಲ, ರಾಸಾಯನಿಕವಿಲ್ಲ, ಒಂದು ಡಬ್ಬಿ ಸೀಮೆಸುಣ್ಣದಲ್ಲಿ ವರ್ಷ ಕಳೆಯುವವರು ಎಂಬ ಕೀರ್ತಿ ನಮ್ಮ ವಿಭಾಗಕ್ಕಿದೆ. ಅದಕ್ಕಿಂತ ಮುಖ್ಯವಾಗಿ, ಕೊನೆಗೆ ವರದಿ ಬರೆಯಲು ಒಬ್ಬರು ಬೇಕಿತ್ತು.

ಮೊದಲ ಸಭೆಯಲ್ಲೇ ಸಮಾರಂಭಗಳ ಹಾರ, ಶಾಲು, ಹಣ್ಣಿನ ಬುಟ್ಟಿಗಳನ್ನು ಕಡಿದೆವು. ಬದಲಿಗೆ ಗಣ್ಯರಿಗೆ ಪ್ರಸಾರಾಂಗದ ಪುಸ್ತಕ ಕೊಡುವುದೆಂದು ತೀರ್ಮಾನವಾಯಿತು. ಗೋದಾಮಿನಲ್ಲಿ ಮಾರಾಟವಾಗದವು ಬೇಕಾದಷ್ಟಿದ್ದವು. ಗಣ್ಯರು ಪುಸ್ತಕವನ್ನು ಎದೆಗೆ ಹಿಡಿದು ಫೋಟೋ ತೆಗೆಸಿಕೊಂಡು, ಅತಿಥಿಗೃಹದ ಮಂಚದ ಮೇಲೆ ಬಿಟ್ಟು ಹೋಗುತ್ತಿದ್ದರು. ಅತಿಥಿಗೃಹದ ಅಟೆಂಡರ್ ಪ್ರಾಮಾಣಿಕ. ತಪ್ಪದೆ ಪ್ರಸಾರಾಂಗಕ್ಕೆ ಹಿಂದಿರುಗಿಸುತ್ತಿದ್ದ. ವಚನ ಸಾಹಿತ್ಯದ ಒಂದೇ ಪ್ರತಿ ಒಬ್ಬ ಮಂತ್ರಿ, ಒಬ್ಬ ವಿಜ್ಞಾನಿ, ಒಬ್ಬ ಚಿತ್ರನಟನನ್ನು ಸನ್ಮಾನಿಸಿ ಮರಳಿ ಗೋದಾಮು ಸೇರಿತು. ನಮ್ಮ ಸಮಿತಿಯ ಸಾಧನೆಗಳಲ್ಲಿ ಯಾರೂ ಪ್ರಶ್ನಿಸಲಾಗದ್ದು ಇದೊಂದೇ.

ಎರಡನೆಯ ಸಭೆಯಲ್ಲಿ ಹಣಕಾಸು ಅಧಿಕಾರಿಗಳು ನಮಗೆ ಲೆಕ್ಕದ ಅಕ್ಷರಾಭ್ಯಾಸ ಮಾಡಿಸಿದರು. ಕಾಯಂ ನೌಕರರ ಸಂಬಳ ಸರ್ಕಾರದ್ದು. ಮಿಕ್ಕಿದ್ದೆಲ್ಲ, ಅಂದರೆ ಅತಿಥಿ ಉಪನ್ಯಾಸಕರು, ಹೊರಗುತ್ತಿಗೆಯವರು, ಕರೆಂಟು, ನೀರು, ಕಾವಲು, ಪಿಂಚಣಿಯಲ್ಲಿ ಬೀಳುವ ಖೋತಾ, ಇವೆಲ್ಲ ‘ಆಂತರಿಕ ಸಂಪನ್ಮೂಲ’ದಿಂದ. ಆಂತರಿಕ ಸಂಪನ್ಮೂಲ ಎಂದರೆ ಹಿತ್ತಲಲ್ಲಿ ಹೂತಿಟ್ಟ ನಿಧಿ ಎಂದು ನಾನು ತಿಳಿದಿದ್ದೆ. ಅಲ್ಲವಂತೆ, ಕಾಲೇಜುಗಳು ಕಟ್ಟುವ ಸಂಯೋಜನಾ ಶುಲ್ಕ, ಮಕ್ಕಳು ಕಟ್ಟುವ ಪರೀಕ್ಷಾ ಶುಲ್ಕ. ಕಾಲೇಜುಗಳು ಹೆಚ್ಚಿದ್ದರೆ ವಿಶ್ವವಿದ್ಯಾಲಯ ಉಂಡುಟ್ಟು ಸುಖವಾಗಿರುತ್ತದೆ.

ಕಾಲೇಜುಗಳು ಈಗ ಎಲ್ಲಿ ಹೋದವು? ಪಾಲಿಗೆ ಹೋದವು. 1916ರಲ್ಲಿ ನಾಲ್ವಡಿಯವರ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾದಾಗ ಅದೊಂದು ಅವಿಭಕ್ತ ಕುಟುಂಬ. 1964ರಲ್ಲಿ ಬೆಂಗಳೂರು, 1980ರಲ್ಲಿ ಮಂಗಳೂರು, 1987ರಲ್ಲಿ ಕುವೆಂಪು ಹೆಸರಿನ ವಿಶ್ವವಿದ್ಯಾಲಯ, ಹೀಗೆ ಒಬ್ಬೊಬ್ಬರೇ ಬೇರೆ ಒಲೆ ಹೂಡಿದರು. ಬೇರೆ ಹೋದ ಬೆಂಗಳೂರು ಕೂಡ ಮುಂದೆ ಮೂರು ಪಾಲಾಯಿತು. ಅದು ಬೆಳೆದ ನಾಡಿಗೆ ಬೇಕಾದದ್ದೇ. ಆದರೆ ಪಾಲುಪಟ್ಟಿಯಲ್ಲಿ ಒಂದು ವಿಶೇಷವಿದೆ: ಗದ್ದೆ ತೋಟ ಮಕ್ಕಳಿಗೆ, ಅಜ್ಜ ಅಜ್ಜಿ ಹಳೆಯ ಮನೆಗೆ. ಕಾಲೇಜುಗಳೂ ಅವುಗಳ ಶುಲ್ಕವೂ ಹೊಸ ವಿಶ್ವವಿದ್ಯಾಲಯಕ್ಕೆ ಹೋಗುತ್ತವೆ. ಪಿಂಚಣಿದಾರರು ಮಾತ್ರ ಹಳೆಯದರ ಜಗಲಿಯಲ್ಲೇ ಉಳಿಯುತ್ತಾರೆ.

ಪಾಲು ತೆಗೆದುಕೊಂಡು ಹೋದವರಾದರೂ ಸುಖವಾಗಿದ್ದಾರೆಯೇ ಎಂದರೆ ಅದೂ ಇಲ್ಲ. 2022ರಲ್ಲಿ ಕಾನೂನು ತಿದ್ದಿ ಬೀದರ್, ಹಾವೇರಿ, ಹಾಸನ, ಚಾಮರಾಜನಗರ, ಕೊಡಗು, ಕೊಪ್ಪಳ, ಬಾಗಲಕೋಟೆಗಳಿಗೆ ಒಂದೊಂದು ವಿಶ್ವವಿದ್ಯಾಲಯ ಕೊಟ್ಟರು. ಖರ್ಚಿಗೆ ತಲಾ 2 ಕೋಟಿ ರೂಪಾಯಿ. ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಈ ದುಡ್ಡಿಗೆ ಒಂದು ಫ್ಲಾಟ್ ಬರಬಹುದು, ಕಾರು ನಿಲ್ಲಿಸುವ ಜಾಗದ ಬಗ್ಗೆ ಚೌಕಾಸಿ ಮಾಡಬೇಕು. ಮೂರು ವರ್ಷ ಕಳೆಯುವುದರೊಳಗೆ, 2025ರ ಫೆಬ್ರವರಿಯಲ್ಲಿ, ಸಂಪುಟ ಉಪಸಮಿತಿ ಕುಳಿತು ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ಬೀದರ್ ಬಿಟ್ಟು ಈ ಏಳರಲ್ಲಿ ಆರೂ ಆ ಪಟ್ಟಿಯಲ್ಲಿದ್ದವು. ನಾಮಕರಣದ ಪಾಯಸ ಆರುವ ಮೊದಲೇ ಜಾತಕ ಸರಿಯಿಲ್ಲವೆಂದರು.

ಇಷ್ಟೆಲ್ಲ ಕೇಳಿದ ಮೇಲೆ ವಾಣಿಜ್ಯದವರು ಹೇಳಿದರು: “ಹಾಗಾದ್ರೆ ನಮಗಿರೋ ಒಂದೇ ಭರವಸೆ ಖಾಲಿ ಹುದ್ದೆ.” ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮಂಜೂರಾದ ಬೋಧಕ ಹುದ್ದೆಗಳಲ್ಲಿ ಅರ್ಧಕ್ಕೂ ಹೆಚ್ಚು ಖಾಲಿ. ಖಾಲಿ ಹುದ್ದೆಯಷ್ಟು ಶಿಸ್ತಿನ ನೌಕರ ಇನ್ನೊಬ್ಬನಿಲ್ಲ. ರಜೆ ಕೇಳುವುದಿಲ್ಲ, ಬಡ್ತಿಗೆ ಕೋರ್ಟಿಗೆ ಹೋಗುವುದಿಲ್ಲ, ಕುಲಪತಿಗಳ ವಿರುದ್ಧ ಕರಪತ್ರ ಹಂಚುವುದಿಲ್ಲ. ತುಂಬಬೇಕೆಂದರೆ ಆರ್ಥಿಕ ಇಲಾಖೆಯ ಸಹಮತಿ ಬೇಕು. ಸಹಮತಿ ಕೇಳಿ ಬೆಂಗಳೂರಿಗೆ ಹೋದ ಕಡತ ಅಲ್ಲೇ ಮನೆ ಮಾಡಿಕೊಂಡು ಇದ್ದುಬಿಡುತ್ತದೆ.

ಹುದ್ದೆ ಖಾಲಿಯಾದರೂ ಕೆಲಸ ಖಾಲಿಯಾಗುವುದಿಲ್ಲವಲ್ಲ. ಅದಕ್ಕೇ ‘ಪ್ರಭಾರ’ ಎಂಬುದಿರುವುದು. ನಮ್ಮ ಸಹೋದ್ಯೋಗಿಯೊಬ್ಬರು ತಮ್ಮ ವಿಭಾಗದ ಅಧ್ಯಕ್ಷರು, ಪಕ್ಕದ ವಿಭಾಗದ ಪ್ರಭಾರ ಅಧ್ಯಕ್ಷರು, ಹಾಸ್ಟೆಲ್ಲುಗಳ ಮುಖ್ಯ ಕ್ಷೇಮಪಾಲಕರು, ಯೋಜನಾ ವಿಭಾಗದ ಪ್ರಭಾರ ನಿರ್ದೇಶಕರು. ಒಮ್ಮೆ ಹಾಸ್ಟೆಲ್ಲಿನ ನೀರಿನ ಮೋಟಾರು ಕೆಟ್ಟಿತು. ಕ್ಷೇಮಪಾಲಕರಾಗಿ ದುರಸ್ತಿಗೆ ಅನುದಾನ ಕೋರಿ ಯೋಜನಾ ನಿರ್ದೇಶಕರಿಗೆ ಪತ್ರ ಬರೆದರು. ನಿರ್ದೇಶಕರಾಗಿ ಅದನ್ನು ಓದಿ, ಅನುದಾನ ಲಭ್ಯವಿಲ್ಲವೆಂದು ವಿಷಾದಿಸಿದರು. ಕ್ಷೇಮಪಾಲಕರಿಗೆ ಸಿಟ್ಟು ಬಂದು ನೆನಪೋಲೆ ಕಳಿಸಿದರು. ಗುಮಾಸ್ತ ಆ ಪತ್ರಗಳನ್ನೆಲ್ಲ ಮೇಜಿನ ಬಲಗಡೆಯಿಂದ ಎತ್ತಿ, ರವಾನೆ ಸಂಖ್ಯೆ ಹಾಕಿ, ಎಡಗಡೆಗೆ ಇಡುತ್ತಿದ್ದ.

“ಏನ್ರೀ ಇದು, ನೀವೇ ಒಪ್ಪಿಬಿಟ್ರೆ ಆಗಲ್ವೇ?” ಎಂದೆ.

“ಎಲ್ಲಾದ್ರೂ ಉಂಟೆ ಸಾರ್! ನಾಳೆ ಆಡಿಟ್‌ನೋರು ಬಂದು, ಇಬ್ರೂ ಸೇರ್ಕೊಂಡು ಮಾಡಿದ್ದಾರೆ ಅಂತಾರೆ.”

ಕೊನೆಗೆ ಹಾಸ್ಟೆಲ್ ಹುಡುಗರೇ ಚಂದಾ ಎತ್ತಿ ಮೋಟಾರು ರಿಪೇರಿ ಮಾಡಿಸಿಕೊಂಡರು. ಆ ವರ್ಷದ ದುರಸ್ತಿ ಬಾಬಿನಲ್ಲಿ ಅದು ಉಳಿತಾಯವೆಂದು ದಾಖಲಾಯಿತು.

ಪಾಠದ ಭಾರ ಹೊರುವವರು ಅತಿಥಿ ಉಪನ್ಯಾಸಕರು. ತರಗತಿಗೆ 1,500 ರೂಪಾಯಿ, ತಿಂಗಳಿಗೆ 50,000 ರೂಪಾಯಿ ಮೀರದಂತೆ ಕೊಡಬಹುದೆಂದು ಯುಜಿಸಿ 2019ರಲ್ಲಿ ಹೇಳಿತು. ಆ ಸುತ್ತೋಲೆಯಲ್ಲಿ ಮೀರಬಾರದು ಎಂಬ ಭಾಗವನ್ನು ನಮ್ಮ ಹಣಕಾಸು ವಿಭಾಗ ಚಾಚೂ ತಪ್ಪದೆ ಪಾಲಿಸಿಕೊಂಡು ಬಂದಿದೆ. ಸಮಿತಿಯ ಮುಂದೆ ಅಹವಾಲು ಹೇಳಲು ಬಂದ ಯುವಕ ಅರ್ಥಶಾಸ್ತ್ರದವನು. ಪಿಎಚ್.ಡಿ. ಆಗಿದೆ, ನೆಟ್ ಆಗಿದೆ, ಮದುವೆ ಆಗಿಲ್ಲ. ಯಾವ ಪೇಪರ್ ತಗೋತೀಯಪ್ಪ ಎಂದು ಕೇಳಿದೆ.

“ಸಾರ್ವಜನಿಕ ಹಣಕಾಸು, ಸಾರ್. ಕೊರತೆ ಬಜೆಟ್ ಪಾಠಕ್ಕೆ ಉದಾಹರಣೆ ಹುಡುಕೋ ಕಷ್ಟ ಇಲ್ಲ. ನನ್ನ ಜೇಬನ್ನೇ ತೋರಿಸ್ತೀನಿ.”

ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. ಹೊರಡುವಾಗ, ಪರೀಕ್ಷೆ ಹತ್ತಿರ ಬಂತು, ಸಿಲಬಸ್ ಮುಗಿದಿಲ್ಲ, ಭಾನುವಾರ ತರಗತಿ ಇಟ್ಟುಕೊಳ್ಳಲು ಕೊಠಡಿಯ ಬೀಗದ ಕೈ ಬೇಕು ಎಂದು ಅರ್ಜಿ ಕೊಟ್ಟ. ಭಾನುವಾರದ ತರಗತಿಗೆ ಗೌರವಧನವಿಲ್ಲವೆಂದು ಹಣಕಾಸು ಅಧಿಕಾರಿಗಳು ನೆನಪಿಸಿದರು. ಗೊತ್ತು ಸಾರ್ ಎಂದ.

ಖರ್ಚು ಕಡಿದದ್ದಾಯಿತು, ಇನ್ನು ಆದಾಯ ಹೆಚ್ಚಿಸೋಣವೆಂದು ಹೊರಟೆವು. ಕ್ಯಾಂಪಸ್ಸಿನ ಹುಣಸೆ, ತೆಂಗು ಹರಾಜು ಹಾಕಿದೆವು. ಹರಾಜಿನ ಜಾಹೀರಾತಿನ ಬಿಲ್ಲು ಕಾಯಿಯ ಬೆಲೆಯ ಹತ್ತಿರ ಹತ್ತಿರ ಬಂತು. ಅಷ್ಟರಲ್ಲಿ ಅರ್ಥಶಾಸ್ತ್ರದವರು ಆಯವ್ಯಯದಲ್ಲೊಂದು ಬಾಬು ಪತ್ತೆಹಚ್ಚಿದರು. ಮರುಮೌಲ್ಯಮಾಪನ ಶುಲ್ಕ, ಉತ್ತರಪತ್ರಿಕೆಯ ನೆರಳಚ್ಚು ಶುಲ್ಕ, ಮರುಪರೀಕ್ಷೆ ಶುಲ್ಕ ಇವು ಮಾತ್ರ ವರ್ಷದಿಂದ ವರ್ಷಕ್ಕೆ ನಿರೀಕ್ಷೆ ಮೀರಿ ಬರುತ್ತಿದ್ದವು. ಮಕ್ಕಳಿಗೆ ನಮ್ಮ ಮೇಲೆ ನಂಬಿಕೆ ಕಡಿಮೆಯಾದಷ್ಟೂ ನಮ್ಮ ವರಮಾನ ಹೆಚ್ಚು. ಕಾಯಂ ಮೇಷ್ಟ್ರುಗಳನ್ನು ಹಾಕಿ, ಚೆನ್ನಾಗಿ ಪಾಠ ಹೇಳಿ, ಎಲ್ಲರನ್ನೂ ಒಂದೇ ಸಲಕ್ಕೆ ಪಾಸು ಮಾಡಿಸಿದರೆ ವಿಶ್ವವಿದ್ಯಾಲಯ ಮುಳುಗಿತೆಂದೇ ಲೆಕ್ಕ. ಇದನ್ನು ವರದಿಯಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ, ಕನ್ನಡದ ಸಕಲ ಸಂಪತ್ತನ್ನೂ ಬಳಸಿ, ಬರೆಯದೆ ಬಿಟ್ಟೆ.

ಕಿಟಕಿಯಾಚೆ ಹೊಸ ಕಟ್ಟಡವೊಂದು ಏಳುತ್ತಿತ್ತು. ಇದಕ್ಕೆ ಹೇಗೆ ದುಡ್ಡು ಬಂತೆಂದು ಕೇಳಿದರೆ, ಅದು ಬೇರೆ ಲೆಕ್ಕಶೀರ್ಷಿಕೆ ಸಾರ್ ಎಂದರು. ಕಟ್ಟಡದ ದುಡ್ಡಲ್ಲಿ ಸಂಬಳ ಕೊಡುವಂತಿಲ್ಲ. ಮಾರ್ಚಿನೊಳಗೆ ಖರ್ಚು ಮಾಡದಿದ್ದರೆ ವಾಪಸ್ಸು ಹೋಗುತ್ತದೆ. ಹೀಗಾಗಿ ಮೇಷ್ಟ್ರಿಲ್ಲದ ವಿಭಾಗಕ್ಕೆ ಹನ್ನೆರಡು ಕೊಠಡಿ, ಲಿಫ್ಟು, ಮುಂದೊಂದು ಕಮಾನು. ಲಿಫ್ಟಿನ ಕರೆಂಟು ಬಿಲ್ಲು ಮಾತ್ರ ಆಂತರಿಕ ಸಂಪನ್ಮೂಲಕ್ಕೆ.

ವರದಿ ಸಲ್ಲಿಸುವ ಹೊತ್ತಿಗೆ ನನಗೆ ಅರವತ್ತೆರಡು ತುಂಬುತ್ತ ಬಂದಿತ್ತು. ಇನ್ನೇನು, ನನ್ನ ಸಂಬಳವೂ ಉಳಿಯುತ್ತಲ್ಲ ಎಂದು ಹಣಕಾಸು ಅಧಿಕಾರಿಗಳಿಗೆ ತಮಾಷೆ ಮಾಡಿದೆ. ಅವರ ಮುಖ ಬಾಡಿತು. ಹಾಳೆ ತೆಗೆದು ಲೆಕ್ಕ ಹಾಕಿ ತೋರಿಸಿದರು.

“ನೋಡಿ ಸಾರ್, ಇಲ್ಲೀವರೆಗೆ ನಿಮ್ಮ ಸಂಬಳ ಸರ್ಕಾರ ಕೊಡ್ತಿತ್ತು, ನಮಗೆ ತ್ರಾಸಿರಲಿಲ್ಲ. ನೀವು ನಿವೃತ್ತರಾದ್ರೆ ನಿಮ್ಮ ಪಿಂಚಣಿಯ ಖೋತಾ ನಮ್ಮ ತಲೆಗೆ. ನಿಮ್ಮ ಹುದ್ದೆ ಹೇಗೂ ತುಂಬಲ್ಲ. ನಿಮ್ಮ ಪಾಠಕ್ಕೆ ಅತಿಥಿ ಉಪನ್ಯಾಸಕರನ್ನ ತಗೋಬೇಕು, ಅದೂ ನಮ್ಮ ತಲೆಗೆ. ಉಳಿಯೋ ಸಂಬಳ ಮಾತ್ರ ಖಜಾನೆಗೆ.”

ಸಮಿತಿ ಅಷ್ಟು ದಿನ ಕುಳಿತು ಹುಡುಕಿದ್ದ ಉಳಿತಾಯ ಹೋದದ್ದೆಲ್ಲಿಗೆ ಎಂಬುದು ಆ ಅರ್ಧ ಹಾಳೆಯಲ್ಲಿ ಸಿಕ್ಕಿತು. ಖಾಲಿ ಹುದ್ದೆಯ ಲಾಭ ಬೆಂಗಳೂರಿಗೆ, ನಷ್ಟ ನಮ್ಮ ಊರಿಗೆ.

ಪರಿಹಾರವೂ ಅವರ ಹತ್ತಿರವೇ ಇತ್ತು. “ನೀವೇ ಗಂಟೆ ಲೆಕ್ಕದಲ್ಲಿ ಪಾಠಕ್ಕೆ ಬಂದ್ಬಿಡಿ ಸಾರ್. ಪಿಂಚಣಿ ಬರುತ್ತಲ್ಲ, ಗೌರವಧನ ಸ್ವಲ್ಪ ನಿಧಾನ ಆದ್ರೂ ತಡ್ಕೋತೀರಿ.”

ನನ್ನ ವಿಭಾಗದಲ್ಲೂ ನೆಟ್ ಆಗಿ ಮದುವೆಯಾಗದ ಹುಡುಗರಿದ್ದಾರೆ, ಆ ಗಂಟೆಗಳು ಅವರವು ಎಂದೆ.

“ಸರಿ ಹಾಗಾದ್ರೆ,” ಎಂದು ನಿಟ್ಟುಸಿರು ಬಿಟ್ಟು, “ನಿಮ್ಮ ತಂದೆಯವರು ಎಷ್ಟು ವರ್ಷ ಬದುಕಿದ್ರು ಸಾರ್?” ಎಂದು ಕೇಳಿದರು. ಪಿಂಚಣಿ ನಿಧಿಯ ಅಂದಾಜಿಗೆ ಬೇಕಿತ್ತಂತೆ.

ತೊಂಬತ್ತಾರು ಎಂದೆ.