ಬಂಗುಡೆ-ಬೈಗೆ ಸಮಸ್ಯೆಗೆ ರೇಖಾಚಿತ್ರ ಪರಿಹಾರ: ಒಂದು ಮಹಾಪ್ರಬಂಧದ ಸಾರು

ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಶಾಸ್ತ್ರವನ್ನು 1939ರಲ್ಲಿ ಲೆನಿನ್‌ಗ್ರಾಡಿನ ಕಾಂಟೊರೊವಿಚ್ ಪ್ಲೈವುಡ್ ತಯಾರಕರಿಗಾಗಿ ಹುಟ್ಟಿಸಿದರೆಂದೂ, 1947ರಲ್ಲಿ ಅಮೆರಿಕದ ಡಾಂಟ್ಸಿಗ್ ಸಿಂಪ್ಲೆಕ್ಸ್ ವಿಧಾನದಿಂದ ಅದಕ್ಕೆ ಉಪನಯನ ಮಾಡಿದರೆಂದೂ ಪೂರ್ವಪಕ್ಷ. ಪ್ಲೈವುಡ್ಡಿನಿಂದ ಸಾರು ಆಗದು. ಆದ್ದರಿಂದ ಈ ಪಕ್ಷ ಇಲ್ಲಿಗೇ ಖಂಡಿತವಾಯಿತು. 1945ರಲ್ಲಿ ಸ್ಟಿಗ್ಲರ್ ಎಂಬ ಅರ್ಥಶಾಸ್ತ್ರಜ್ಞ 77 ಆಹಾರಪದಾರ್ಥಗಳನ್ನು ಹರಡಿಕೊಂಡು, ವರ್ಷಕ್ಕೆ 39.93 ಡಾಲರಿನಲ್ಲಿ ಮನುಷ್ಯ ಬದುಕಬಹುದು ಎಂದ. ಎರಡು ವರ್ಷದ ನಂತರ ಒಂಬತ್ತು ಗುಮಾಸ್ತರು ಕುಳಿತು ಗುಣಿಸಿ 24 ಸೆಂಟ್ ಉಳಿಸಿದರು. ಸ್ಟಿಗ್ಲರನ ಉತ್ತರದಲ್ಲಿದ್ದದ್ದು ಗೋಧಿಹಿಟ್ಟು, ಡಬ್ಬಿ ಹಾಲು, ಎಲೆಕೋಸು, ಪಾಲಕ್, ಒಣ ಬೀನ್ಸ್. ಮೀನಿಲ್ಲ! ಇದನ್ನು ಗಂಗೊಳ್ಳಿಯಲ್ಲಿ ಬಡಿಸುವ ಧೈರ್ಯ ಯಾರಿಗಿದೆಯೋ ಅವರೇ ಬಡಿಸಲಿ.

ಈಗ ಸಿದ್ಧಾಂತ. ಬಂಗುಡೆ ಕಿಲೋಗೆ 200 ರೂ., ಬೈಗೆ (ಉಡುಪಿಯವರ ಬೂತಾಯಿ) 100 ರೂ. ಎಂದಿಟ್ಟುಕೊಳ್ಳಿ. ಗೃಹಿಣಿಯ ಕೈಯಲ್ಲಿರುವುದು 400. ಬಂಗುಡೆ ಕೊಯ್ಯಲು ಕಿಲೋಗೆ 20 ನಿಮಿಷ. ಬೈಗೆ ಸಣ್ಣ ಮೀನು, 40 ನಿಮಿಷ. ಮೆಟ್ಟುಕತ್ತಿಯ ಮುಂದೆ ಕೂರಲು ಬಿಡುವಿರುವುದು 100 ನಿಮಿಷ. ಊಟದ ನಂತರ ಸಿಗುವ ಹೊಗಳಿಕೆ ಬಂಗುಡೆಗೆ ಕಿಲೋಗೆ 3 ಅಂಕ, ಬೈಗೆಗೆ 2.

ಅಡ್ಡಗೆರೆಯ ಮೇಲೆ 'ಬಂ', ನೆಟ್ಟಗೆರೆಯ ಮೇಲೆ 'ಬೈ'. ದುಡ್ಡಿನ ನಿರ್ಬಂಧ: 2ಬಂ + ಬೈ ≤ 4. ಸಮಯದ ನಿರ್ಬಂಧ: ಬಂ + 2ಬೈ ≤ 5. ಎರಡೂ ಸೊನ್ನೆಗಿಂತ ಕಡಿಮೆಯಾಗಬಾರದು. ತಂದ ಮೀನನ್ನು ವಾಪಸು ಮಾರುವ ಸಂಪ್ರದಾಯ ನಮ್ಮಲ್ಲಿಲ್ಲ. ಈ ಗೆರೆಗಳೊಳಗೆ ಸಿಕ್ಕಿಬಿದ್ದ ಜಾಗವೇ ಸಾಧ್ಯ ಪ್ರದೇಶ. ಇದರ ಪ್ರಾತ್ಯಕ್ಷಿಕೆ ಬೇಕಾದವರು ಮರವಂತೆಗೆ ಹೋಗಿ ನಿಲ್ಲಬೇಕು: ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕೆ, ನಡುವೆ ಹೆದ್ದಾರಿ 66.

ಮೂಲೆಗಳು ನಾಲ್ಕು: (0, 0), (2, 0), (1, 2), (0, 2.5). ಹೊಗಳಿಕೆ ಕ್ರಮವಾಗಿ 0, 6, 7, 5. ಹೊಗಳಿಕೆಯ ಗೆರೆಯ ಮೇಲೆ ಸ್ಕೇಲಿಟ್ಟು, ಓರೆ ಬದಲಿಸದೆ ಮೇಲಕ್ಕೆ ಸರಿಸಿದರೆ ಅದು ಪ್ರದೇಶವನ್ನು ಕೊನೆಯದಾಗಿ ತಾಗುವುದು (1, 2)ರಲ್ಲಿ. ಗೃಹಿಣಿ ಸ್ಕೇಲು ಹಿಡಿಯುವುದಿಲ್ಲ. ಬಂಗುಡೆಯ ಕಿವಿ ಎತ್ತಿ ಕೆಂಪು ನೋಡಿ, ಬುಟ್ಟಿಯವಳಿಗೆ, "ಒಂದ್ ಕೆಜಿ ಬಂಗ್ಡಿ, ಎರಡ್ ಕೆಜಿ ಬೈಗಿ ಹಾಕಿ ಅಕ್ಕ, ಕಾಂಬ" ಎನ್ನುತ್ತಾಳೆ. ದುಡ್ಡೂ ಸರಿ, ನಿಮಿಷವೂ ಸರಿ.

ಇನ್ನು ವಿಶೇಷ ಪ್ರಕರಣಗಳು. ಯಜಮಾನರು ಜಗಲಿಯಿಂದ, "ಒಟ್ಟು ಐದು ಕಿಲೋಗಿಂತ ಜಾಸ್ತಿ ಬೇಡ" ಎಂದು ಆಜ್ಞಾಪಿಸುತ್ತಾರೆ. ಬಂ + ಬೈ ≤ 5 ಎಂಬ ಈ ಗೆರೆ ಎಳೆದು ನೋಡಿದೆವು. ಸಾಧ್ಯ ಪ್ರದೇಶದಲ್ಲಿ ಎಲ್ಲಿ ನಿಂತರೂ ಒಟ್ಟು ಮೂರು ದಾಟುವುದೇ ಇಲ್ಲ. ಶಾಸ್ತ್ರ ಇದನ್ನು ಅನಗತ್ಯ ನಿರ್ಬಂಧ ಎನ್ನುತ್ತದೆ. ಮನೆಯವರೂ ಹಾಗೆಯೇ ಅನ್ನುತ್ತಾರೆ, ಶಾಸ್ತ್ರ ಓದದೆ. ಮಕ್ಕಳು ಬಂಗುಡೆಗೆ ಬೈಗೆಯ ಎರಡರಷ್ಟು ಅಂಕ ಕೊಟ್ಟರೋ, ಹೊಗಳಿಕೆಯ ಗೆರೆ ದುಡ್ಡಿನ ಗೆರೆಗೆ ಸಮಾಂತರವಾಗಿ (2, 0)ದಿಂದ (1, 2)ರವರೆಗಿನ ಪ್ರತಿ ಬಿಂದುವೂ ಉತ್ತಮೋತ್ತಮ ಆಗುತ್ತದೆ. ಆ ಮನೆಯಲ್ಲಿ ಜಗಳ ತೀರುವುದಿಲ್ಲ. ಘಟ್ಟದ ಮೇಲಿನ ನೆಂಟರು ಬರುವರೆಂದು ಅತ್ತೆ, "ಬಂಗುಡೆ ಮೂರು ಕಿಲೋ ಆದರೂ ಬೇಕು" ಎಂದರೆ ಸಾಧ್ಯ ಪ್ರದೇಶವೇ ಮಾಯ. 400 ರೂಪಾಯಿಗೆ ಡಾಂಟ್ಸಿಗ್ ಬಂದರೂ ಮೂರು ಕಿಲೋ ತರಲಾರ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳಿಗೆ 61 ದಿನ ನಿಷೇಧವಿದ್ದು ದರ ಏರಿದಾಗಲಂತೂ ದುಡ್ಡಿನ ಗೆರೆ ಮೂಲಬಿಂದುವಿನ ಕಡೆಗೆ ಕುಸಿಯುತ್ತದೆ.

ಕಾಣೆ ಮೀನೂ ಬೇಕೆಂದರೆ ಮೂರನೆಯ ಅಕ್ಷ ಹಾಳೆಯಿಂದ ಎದ್ದು ನಿಲ್ಲಬೇಕಾಗುತ್ತದೆ. ಎರಡಕ್ಕಿಂತ ಹೆಚ್ಚು ಚರಾಕ್ಷರಗಳಿಗೆ ಗ್ರಾಫ್ ಹಾಳೆ ಒಗ್ಗದು, ಅಲ್ಲಿ ಸಿಂಪ್ಲೆಕ್ಸೇ ಗತಿ.

ದ್ವಿತೀಯ ಪಿಯು ಗಣಿತದ 12ನೇ ಅಧ್ಯಾಯ ಓದುವ ಮಕ್ಕಳಿಗೆ ಒಂದು ಸೂಚನೆ: ಈ ಲೆಕ್ಕವನ್ನು ಸೋಮವಾರ ಮಾಡಬೇಡಿ. ಮೀನು ಮುಟ್ಟದ ಮನೆಗಳಲ್ಲಿ ಅಂದಿನ ಉತ್ತರ (0, 0).