ಲಿಫ್ಟಿನಲ್ಲಿ ನಿಂತ ಕಮಾಂಡರ್

ಕ್ರಿ.ಶ. 2183. ಇಡೀ ನಕ್ಷತ್ರಪುಂಜವನ್ನು ಪಾರು ಮಾಡುವ ಹೊಣೆ ನನ್ನ ಹೆಗಲೇರಿದೆ. ಐವತ್ತು ಸಾವಿರ ವರ್ಷಕ್ಕೊಮ್ಮೆ ಬಂದು ನಾಗರಿಕತೆಗಳನ್ನೆಲ್ಲ ಗುಡಿಸಿ ಹಾಕುವ ರೀಪರ್‌ಗಳೆಂಬ ಯಂತ್ರರಾಕ್ಷಸರು ಇನ್ನೇನು ಬಾಗಿಲಿಗೆ ಬಂದೇಬಿಟ್ಟರು. ಇಂಥ ಹೊತ್ತಿನಲ್ಲಿ ನಾನು ಮಾಡುತ್ತಿರುವುದೇನು? ಲಿಫ್ಟಿನಲ್ಲಿ ನಿಂತಿದ್ದೇನೆ. ಲಿಫ್ಟು ಹೋಗುತ್ತಿದೆ. ಹೋಗುತ್ತಲೇ ಇದೆ. "ರೀ, ಒಗ್ಗರಣೆ ಹಾಕ್ತಿದೀನಿ, ಏಳಿ" ಎಂದು ಅಡುಗೆಮನೆಯಿಂದ ಕೂಗು ಬಂತು. ಸಾಸಿವೆ ಸಿಡಿದು, ಒಗ್ಗರಣೆ ಹುಳಿಗೆ ಬಿದ್ದು, ಪಾತ್ರೆ ಕೆಳಗಿಳಿದರೂ ನನ್ನ ಲಿಫ್ಟು ಮೇಲೆ ತಲುಪಿರಲಿಲ್ಲ.

ಮಗಳು ಎಂಜಿನಿಯರಿಂಗ್ ಓದಲು ಹಾಸ್ಟೆಲಿಗೆ ಹೋಗುವಾಗ ಮನೆಯಲ್ಲಿ ಬಿಟ್ಟುಹೋದದ್ದು ಎರಡು: ಒಂದು ಮುದಿ ಕಂಪ್ಯೂಟರು, ಅದರ ಹೊಟ್ಟೆಯಲ್ಲಿ 'ಮಾಸ್ ಎಫೆಕ್ಟ್' ಎಂಬ ಆಟ. ಕೆನಡಾದ ಎಡ್ಮಂಟನ್ನಿನ ಬಯೋವೇರ್ ಕಂಪನಿ 2007ರಲ್ಲಿ ಎಕ್ಸ್‌ಬಾಕ್ಸ್‌ಗೂ ಮರುವರ್ಷ ಕಂಪ್ಯೂಟರಿಗೂ ತಂದದ್ದು. "ಅಪ್ಪ, ನಿಂಗೆ ಕಥೆ ಅಂದ್ರೆ ಇಷ್ಟ ಅಲ್ವಾ? ಇದು ಕಥೇನೇ. ಸುಮ್ನೆ ಆಡು" ಎಂದಿದ್ದಳು. ನಾನು ಹೈಸ್ಕೂಲ್ ಮೇಷ್ಟ್ರು. ಉತ್ತರಪತ್ರಿಕೆ ತಿದ್ದೀ ತಿದ್ದೀ ಹದಗೆಟ್ಟ ಕೈ. ಎದುರಿಗೆ ಏನು ಬಂದರೂ, ಅದು ಮದುವೆಮನೆಯ ಪಾಯಸವಾಗಲಿ ಮಾಸ್ ಎಫೆಕ್ಟ್ ಆಗಲಿ, ಕೆಂಪು ಪೆನ್ನು ಹುಡುಕುತ್ತದೆ.

ಮೊದಲು ವೇಷ ಕಟ್ಟಬೇಕು. ಮೂಗು, ಗಲ್ಲ, ಹುಬ್ಬು ಎಲ್ಲವನ್ನೂ ನಾವೇ ತಿದ್ದಿ ತೀಡಬಹುದು. ಒಂದೂವರೆ ಗಂಟೆ ಕಷ್ಟಪಟ್ಟು ನನ್ನದೇ ಮುಖ ಮಾಡಹೊರಟೆ. ಕೊನೆಗೆ ಮೂಡಿದ್ದು ನನ್ನ ಸೋದರಮಾವ, ಅದೂ ಸಿಟ್ಟಿನಲ್ಲಿ. ಹೆಸರೂ ಇಡಬಹುದು. ಆದರೆ ಮನೆತನದ ಹೆಸರು ಮಾತ್ರ ಶೆಪರ್ಡ್ ಎಂದೇ ಇರಬೇಕು. 1961ರಲ್ಲಿ ಅಂತರಿಕ್ಷಕ್ಕೆ ಹೋದ ಮೊದಲ ಅಮೆರಿಕನ್ ಆಲನ್ ಶೆಪರ್ಡ್‌ನ ನೆನಪಿಗೆ ಆರಿಸಿದ ಹೆಸರದು. ಎಲ್ಲರ ಮಾತೂ ಮೊದಲೇ ಧ್ವನಿಮುದ್ರಣವಾಗಿರುವುದರಿಂದ ನಾವಿಟ್ಟ ಹೆಸರನ್ನು ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ನಾನು ನೆಟ್ಟಗೆ ನನ್ನ ಹೆಸರನ್ನೇ ಟೈಪು ಮಾಡಿದೆ. ಆಟದುದ್ದಕ್ಕೂ ಒಬ್ಬನೇ ಒಬ್ಬ ಆ ಹೆಸರಿನಿಂದ ಕರೆಯಲಿಲ್ಲ. ಬೇರೆಯವರಿಗೆ ಇದು ಕೊರತೆಯೆನಿಸೀತು. ಮನೆಯಲ್ಲಿ 'ರೀ', ಶಾಲೆಯಲ್ಲಿ 'ಸಾ' ಆಗಿ ಇಪ್ಪತ್ತೈದು ವರ್ಷ ಕಳೆದ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಇದಕ್ಕೆ ಅಂಕ ಕಳೆದಿಲ್ಲ.

ಆಟದ ಜೀವಾಳ ಮಾತು. ಯಾರೊಂದಿಗೆ ಮಾತಿಗಿಳಿದರೂ ಪರದೆಯಲ್ಲೊಂದು ಚಕ್ರ ಮೂಡುತ್ತದೆ. ಮೇಲಿನ ಉತ್ತರ ಸಜ್ಜನಿಕೆಯದು, ಕೆಳಗಿನದು ಒರಟು, ನಡುವಿನದು ಅತ್ತಲೂ ಇಲ್ಲ ಇತ್ತಲೂ ಇಲ್ಲ. ತೊಂದರೆಯೆಂದರೆ ಚಕ್ರದಲ್ಲಿ ಕಾಣುವುದು ಎರಡೋ ಮೂರೋ ಪದದ ಸಾರಾಂಶ; ಶೆಪರ್ಡ್ ಬಾಯಿಂದ ಹೊರಡುವುದು ಬೇರೆಯೇ. ಮೆಲ್ಲಗೆ ಗದರಲೆಂದು ಆರಿಸಿದರೆ ಅವನು ಪಿಸ್ತೂಲು ತೆಗೆಯುತ್ತಾನೆ. ಇದನ್ನು ದೋಷವೆಂದು ಬರೆದುಕೊಂಡೆ. ಆ ರಾತ್ರಿ ಊಟಕ್ಕೆ ಕೂತು "ಹುಳಿಗೆ ಉಪ್ಪು ಒಂಚೂರು ಕಮ್ಮಿ" ಎಂಬ ಸಾರಾಂಶವನ್ನಷ್ಟೇ ಆರಿಸಿದೆ. ಅದು ಆ ಕಡೆ ತಲುಪುವಷ್ಟರಲ್ಲಿ ನನ್ನ ಅಮ್ಮನ ಅಡುಗೆ, ಹೆಂಡತಿಯ ತವರು, 1999ರ ದೀಪಾವಳಿ ಎಲ್ಲವೂ ಅದರಲ್ಲಿ ಸೇರಿಹೋಗಿತ್ತು. ಎದ್ದು ಬಂದು ಆ ದೋಷವನ್ನು ಹೊಡೆದುಹಾಕಿದೆ.

ಇದಕ್ಕೆ ಮದ್ದೂ ಆಟದಲ್ಲೇ ಇದೆ. ಅಲ್ಲಿ ಎಲ್ಕಾರ್ ಎಂಬ ಜನಾಂಗ. ಆನೆಯಂಥ ಮೈ, ಒಂದೇ ಶ್ರುತಿಯ ದನಿ. ಅವರ ಭಾವ ಬೇರೆಯವರಿಗೆ ತಿಳಿಯುವುದಿಲ್ಲವಾದ್ದರಿಂದ ಪ್ರತಿ ಮಾತಿಗೂ ಮೊದಲು ಭಾವವನ್ನು ಘೋಷಿಸಿಯೇ ಬಾಯಿ ತೆರೆಯುತ್ತಾರೆ. ಈ ಪದ್ಧತಿ ನಮ್ಮ ಸ್ಟಾಫ್‌ರೂಮಿಗೆ ಬಂದರೆ ಹೇಗಿರುತ್ತದೆಂದು ಯೋಚಿಸಿ ಒಬ್ಬನೇ ನಕ್ಕೆ. "ಒಳಗೊಳಗೇ ಉರಿಯುತ್ತ: ಬಡ್ತಿ ಸಿಕ್ಕಿತಂತೆ, ಅಭಿನಂದನೆ ಸಾರ್." "ಕಳಚಿಕೊಳ್ಳುವ ಆತುರದಲ್ಲಿ: ಬನ್ನಿ ಸಾರ್ ಕಾಫಿ ಕುಡಿಯೋಣ."

ಇನ್ನು ಕೆಂಪು ಪೆನ್ನಿಗೆ ಸಿಕ್ಕಿಬಿದ್ದವು. ಮಾಕೋ ಎಂಬ ಆರು ಚಕ್ರದ ಗಾಡಿಯಲ್ಲಿ ಗ್ರಹಗಳ ಮೇಲೆ ಓಡಾಡಬೇಕು. ಗೋಡೆಯಂಥ ಬೆಟ್ಟವನ್ನೂ ಹಲ್ಲಿಯ ಹಾಗೆ ಹತ್ತುತ್ತದೆ. ಸಣ್ಣ ಕಲ್ಲು ಸಿಕ್ಕರೆ ಕಪ್ಪೆಯ ಹಾಗೆ ಕುಪ್ಪಳಿಸುತ್ತದೆ. ಚಾರ್ಮಾಡಿಯಲ್ಲಿ ಕೊನೇ ಸೀಟಿನಲ್ಲಿ ಕೂತು ಇಳಿದವರಿಗೆ ವಿವರಿಸಬೇಕಿಲ್ಲ. ಆ ಗ್ರಹಗಳ ಆಕಾಶ ಮಾತ್ರ ಚೆಲುವೋ ಚೆಲುವು. ನೆಲ ಬರೀ ಬಟಾಬಯಲು. ಕಷ್ಟಪಟ್ಟು ಒಂದು ಕಟ್ಟಡ ಹುಡುಕಿದರೆ ಹಿಂದಿನ ಗ್ರಹದಲ್ಲಿ ಕಂಡದ್ದೇ: ಅದೇ ಬಾಗಿಲು, ಅದೇ ಹಜಾರ, ಅದೇ ಅಟ್ಟಣಿಗೆ. ಒಬ್ಬನೇ ಕಂಟ್ರಾಕ್ಟರು ಇಡೀ ನಕ್ಷತ್ರಪುಂಜದ ಟೆಂಡರ್ ಹಿಡಿದಿರಬೇಕು. ಅಲ್ಲಿ ಸಿಕ್ಕ ಬಂದೂಕು, ಕವಚ, ಚೂರುಪಾರುಗಳು ಚೀಲ ಸೇರುತ್ತವೆ; ನೂರೈವತ್ತಕ್ಕೆ ಚೀಲ ಭರ್ತಿ. ಆಮೇಲೆ ಒಂದೊಂದನ್ನೇ ಆರಿಸಿ ಕರಗಿಸುತ್ತ ಕೂರಬೇಕು. ನಮ್ಮ ಮನೆಯ ಅಟ್ಟದಲ್ಲಿ ಸ್ವೀಟ್ ಬಾಕ್ಸುಗಳಿಗೆ ಆ ಮಿತಿಯೂ ಇಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಸಿಟಡೆಲ್ ಎಂಬ ಮಹಾನಗರದಲ್ಲಿ ಕೀಪರ್‌ಗಳೆಂಬ ಕೀಟದಂಥ ಜೀವಿಗಳಿವೆ. ಒಬ್ಬ ವಿಜ್ಞಾನಿಯ ಕೋರಿಕೆಯಂತೆ ಮೂಲೆಮೂಲೆಯಲ್ಲಿರುವ ಇಪ್ಪತ್ತೊಂದು ಕೀಪರ್‌ಗಳನ್ನು ಹುಡುಕಿ ಸ್ಕ್ಯಾನ್ ಮಾಡಬೇಕು. ಬ್ರಹ್ಮಾಂಡದ ಕೇಡು ಅದರ ಪಾಡಿಗೆ ಕಾಯುತ್ತದೆ. ಆಟಕ್ಕೆ ಅವಸರವೇ ಇಲ್ಲ. 2011ರ ಜನಗಣತಿಯಲ್ಲಿ ಮನೆಮನೆ ತಿರುಗಿದ ನನಗೆ ಒಂದು ಸತ್ಯ ಹೊಳೆಯಿತು. ಯಾವ ಶತಮಾನವೇ ಬರಲಿ, ಎಣಿಸುವ ಕೆಲಸ ಮಾತ್ರ ಬೇರೆ ಕೆಲಸವಿರುವವನ ತಲೆಗೇ ಬರುತ್ತದೆ.

ಮತ್ತೆ ಲಿಫ್ಟಿಗೆ ಬರೋಣ. ಲಿಫ್ಟು ನಿಧಾನವಾಗಿರುವುದು ಸುಮ್ಮನಲ್ಲ. ನಾವು ಒಳಗೆ ನಿಂತಿರುವಾಗ ಕಂಪ್ಯೂಟರು ಮುಂದಿನ ಜಾಗವನ್ನು ತನ್ನೊಳಗೆ ಹೊತ್ತು ತುಂಬಿಕೊಳ್ಳುತ್ತಿರುತ್ತದೆ. ಪರದೆ ಹಾಕಿ ಹಿಂದೆ ರಂಗಸಜ್ಜಿಕೆ ಬದಲಿಸುವ ನಾಟಕ ಕಂಪನಿಯವರ ಉಪಾಯವೇ ಇದು. ನಮ್ಮದು ಮುದಿ ಕಂಪ್ಯೂಟರಾದ್ದರಿಂದ ಪರದೆ ಏಳುವುದು ತಡ. ಆದರೆ ಆ ಹೊತ್ತಿನಲ್ಲಿ ಜೊತೆಗಿರುವ ಇಬ್ಬರು ಮಾತಿಗೆ ತೊಡಗುತ್ತಾರೆ. ಗ್ಯಾರಸ್ ಟರಿಯನ್ ಕುಲದವನು, ರೆಕ್ಸ್ ಕ್ರೋಗನ್ ಕುಲದವನು. ಇಬ್ಬರದೂ ತಲೆತಲಾಂತರದ ವೈರ. ಸಲೇರಿಯನ್ನರೆಂಬ ಇನ್ನೊಂದು ಕುಲದವರು ತಯಾರಿಸಿ ಟರಿಯನ್ನರು ಹರಡಿದ ರೋಗದಿಂದ ಕ್ರೋಗನ್ನರಿಗೆ ಸಾವಿರಕ್ಕೊಂದು ಕೂಸು ಉಳಿದರೆ ಹೆಚ್ಚು. ಅಂಥವರು ಇಕ್ಕಟ್ಟಿನ ಲಿಫ್ಟಿನಲ್ಲಿ ಒಬ್ಬರನ್ನೊಬ್ಬರು ಕೆಣಕುತ್ತ, ಅಳೆಯುತ್ತ, ನಿಧಾನಕ್ಕೆ ಹತ್ತಿರವಾಗುತ್ತಾರೆ. ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯವರ ಜೊತೆ ಎಂಟು ವರ್ಷದಿಂದ ಇಳಿಯುತ್ತಿದ್ದೇನೆ. ಇಬ್ಬರೂ ನೋಡುವುದು ಕೆಂಪಗೆ ಬದಲಾಗುವ ಅಂಕಿಗಳನ್ನು.

ಆ ಮಾತಿನ ಬೆಲೆ ಗೊತ್ತಾದದ್ದು ವರ್ಮೈರ್ ಎಂಬ ಗ್ರಹದಲ್ಲಿ. ಸಿಟ್ಟಿಗೆದ್ದ ರೆಕ್ಸನನ್ನು ಮಾತಿನಿಂದಲೇ ಸಮಾಧಾನಪಡಿಸಬೇಕು, ಇಲ್ಲದಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತದೆ. ಹೇಗೋ ಗೆದ್ದೆ. ಮುಂದಿನದಕ್ಕೆ ಮಾತು ಕೆಲಸಕ್ಕೆ ಬರಲಿಲ್ಲ. ನನ್ನ ತಂಡದವರೇ ಆದ ಆಶ್ಲಿ ಒಂದು ಕಡೆ, ಕೇಡನ್ ಇನ್ನೊಂದು ಕಡೆ ಸಿಕ್ಕಿಬಿದ್ದಿದ್ದಾರೆ; ಉಳಿಸಲು ಆಗುವುದು ಒಬ್ಬರನ್ನೇ. ಕೇಡನ್ ಯಾವಾಗಲೂ ತಲೆನೋವಿನ ಗೋಳಿನವನು. ಬೇಸರದ ಪ್ರಾಣಿ ಎಂದುಕೊಂಡಿದ್ದೆ. ಅವನನ್ನು ಬಿಟ್ಟೆ. ನಮ್ಮ ಅಂತರಿಕ್ಷ ಹಡಗಿಗೆ ಮರಳಿ ಹೋದಾಗ ಅವನು ದಿನಾ ನಿಲ್ಲುತ್ತಿದ್ದ ಜಾಗ ಖಾಲಿ ಇತ್ತು. ಕಂಪ್ಯೂಟರ್ ಆರಿಸಿ ಮಗಳಿಗೆ ಫೋನು ಮಾಡಿದೆ. ರಾತ್ರಿ ಹನ್ನೊಂದು. "ಯಾರನ್ನ ಬಿಟ್ಟೆ ಅಪ್ಪ?" ಎಂದಷ್ಟೇ ಕೇಳಿದಳು. ಹೇಳಿದೆ. "ನಾನೂ ಅವನನ್ನೇ" ಎಂದಳು. ಆಮೇಲೆ ಇಬ್ಬರೂ ಅರ್ಧ ಗಂಟೆ ಮಾತಾಡಿದೆವು. ಹಾಸ್ಟೆಲ್ ಸೇರಿದ ಮೇಲೆ ಅವಳು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು, ಫೀಸಿನ ಪ್ರಸ್ತಾಪವಿಲ್ಲದೆ.

ಎರಡನೆಯ ಭಾಗ 2010ರಲ್ಲಿ ಬಂತು. ಜನ ಬೈದದ್ದನ್ನು ಕೇಳಿಸಿಕೊಂಡವರು ಮಾಕೋ ಗಾಡಿಯನ್ನೂ ಚೀಲವನ್ನೂ ತೆಗೆದುಹಾಕಿದರು. ಬಹಳ ಸರಿ. ಲಿಫ್ಟನ್ನೂ ತೆಗೆದು ಅಲ್ಲಿ ಚಿತ್ರದ ಪರದೆ ಹಾಕಿದರು. ಕಾಯುವುದು ಹಾಗೇ ಉಳಿಯಿತು, ಜೊತೆಗಾರರ ಹರಟೆ ಹೋಯಿತು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೆಂದರೆ ಇದೇ.

ಮೌಲ್ಯಮಾಪನ ಮುಗಿಯಿತು. ಗಾಡಿ, ಕಟ್ಟಡ, ಚೀಲ ಮೂರಕ್ಕೂ ಸೇರಿ ಇಪ್ಪತ್ತು ಅಂಕ ಕಳೆದಿದ್ದೇನೆ. ಲಿಫ್ಟಿಗೆಂದು ಮೊದಲು ಕಳೆದಿದ್ದ ಐದನ್ನು ಮರುಎಣಿಕೆಯಲ್ಲಿ ವಾಪಸು ಕೊಟ್ಟಿದ್ದೇನೆ. ಒಟ್ಟು ನೂರಕ್ಕೆ ಎಂಬತ್ತು. ಷರಾದಲ್ಲಿ ಎಲ್ಕಾರರ ರೀತಿಯಲ್ಲೇ ಬರೆದೆ:

"ಐವತ್ತೆರಡರ ವಯಸ್ಸಿಗೆ ತಕ್ಕ ಸಂಕೋಚದಿಂದ: ಎರಡನೆಯ ಸಲ ಆಡುತ್ತಿದ್ದೇನೆ. ಈ ಸಲ ಕೇಡನ್‌ನನ್ನು ಉಳಿಸುತ್ತೇನೆ."