ಬೂದು ಮೀಮಾಂಸೆ: ರಾಮನಗರ ಸೀಮೆಯ ಗೋಡೆಗೆ ತಕ್ಕ ಒಳಬಣ್ಣವನ್ನು ಕುರಿತು

ಜಗತ್ತಿನಲ್ಲಿ ಬೂದುಬಣ್ಣ ಎಂಬುದೊಂದಿಲ್ಲ. ಇರುವುದೆಲ್ಲ ಬೂದಿ ಬಳಿದುಕೊಂಡ ಬೇರೆ ಬಣ್ಣಗಳೇ. ಇದು ಈ ಪ್ರಬಂಧದ ಮೂಲಸೂತ್ರ. ಸೂತ್ರಕ್ಕೆ ಭಾಷ್ಯ ಬೇಕಾದವರು ಯಾವುದಾದರೂ ಬಣ್ಣದಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂರಬಹುದು. ಶೇಡ್ ಕಾರ್ಡಿನಲ್ಲಿ ಸಾಧುಪ್ರಾಣಿಯಂತೆ ಕೂತಿದ್ದ ಬೂದು ಚೌಕ ಗೋಡೆ ಹತ್ತಿ ಎರಡು ಕೋಟ್ ಒಣಗುವಷ್ಟರಲ್ಲಿ ಒಂದು ಮನೆಯಲ್ಲಿ ಆಸ್ಪತ್ರೆಯ ನೀಲಿಯಾಗಿ, ಇನ್ನೊಂದು ಮನೆಯಲ್ಲಿ ನೀರಿನ ತೊಟ್ಟಿಯ ಪಾಚಿಯಾಗಿ, ಮತ್ತೊಂದರಲ್ಲಿ ಸುಟ್ಟ ಬದನೆಕಾಯಿಯಾಗಿ ನಿಜರೂಪ ತೋರಿಸುತ್ತದೆ. ಲೌಕಿಕರು ಇದನ್ನು ಅಂಗಡಿಯವನ ಮೋಸ ಎನ್ನುತ್ತಾರೆ. ಶಾಸ್ತ್ರಜ್ಞರು ಒಳಬಣ್ಣ ಎನ್ನುತ್ತಾರೆ. ಮೇಸ್ತ್ರಿಗಳು ಏನೂ ಅನ್ನುವುದಿಲ್ಲ, ಅವರು ಅಡ್ವಾನ್ಸ್ ತೆಗೆದುಕೊಂಡಿರುತ್ತಾರೆ. ಇನ್ನು ಪ್ರತಿಜ್ಞೆ: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳ ಎಲ್ಲೆಯೊಳಗೆ ಗೋಡೆಗೆ ಸಲ್ಲುವ ಬೂದು ಒಂದೇ, ನಸುಗೆಂಪು ಒಳಬಣ್ಣದ್ದು, ಇದು ಸುಮಾರು 250 ಕೋಟಿ ವರ್ಷಗಳ ಹಿಂದೆಯೇ ತೀರ್ಮಾನವಾಗಿಹೋಗಿದೆ, ಆದುದರಿಂದ ಗಂಡಹೆಂಡಿರು ಈಗ ಅಂಗಡಿಯಲ್ಲಿ ನಿಂತು ಎತ್ತುವ ತಕರಾರು ಅವಧಿ ಮೀರಿದ ಮೇಲ್ಮನವಿ.

ಮೊದಲು ಶಬ್ದಪ್ರಮಾಣ. ಬೂದು ಹುಟ್ಟಿದ್ದು ಬೂದಿಯಿಂದ, ಬೂದಿ ಹುಟ್ಟಿದ್ದು ಏನೋ ಒಂದು ಉರಿದುದರಿಂದ. ಅಂದರೆ ಕನ್ನಡಿಗರ ಬೂದುಬಣ್ಣಕ್ಕೆ ಪೂರ್ವಾಶ್ರಮವೊಂದು ಇದ್ದೇ ತೀರಬೇಕು. ತಲೆಗೂದಲು ಬಣ್ಣಗೆಟ್ಟಾಗ ಇಂಗ್ಲಿಷರು ಅದನ್ನೂ ಬೂದು ಎಂದರೆ, ನಾವು ನರೆ ಎಂಬ ಬೇರೆಯೇ ಪದ ಇಟ್ಟುಕೊಂಡೆವು. ತಲೆಯೊಳಗೆ ಏನಾದರೂ ಉರಿದಿತ್ತೆಂಬ ಖಾತ್ರಿ ನಮಗಿರಲಿಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ನುಡಿಗಟ್ಟನ್ನು ನೋಡಿ: ಮೇಲೆ ಬೂದು, ಒಳಗೆ ಕೆಂಪು. ಒಳಬಣ್ಣಕ್ಕೆ ಇದಕ್ಕಿಂತ ಚೊಕ್ಕ ಲಕ್ಷಣವನ್ನು ಯಾವ ಪೇಂಟ್ ಕಂಪನಿಯ ಕೈಪಿಡಿಯೂ ಕೊಟ್ಟೀತೆಂದು ತೋರುವುದಿಲ್ಲ. ಇದಕ್ಕೆ ವಿರುದ್ಧ ದೃಷ್ಟಾಂತ ಬೂದುಗುಂಬಳ. ಬಲಿತ ಕಾಯಿಯ ಮೈಯನ್ನು ಹೆಬ್ಬೆರಳಿನಿಂದ ಒಮ್ಮೆ ಒರೆಸಿದರೆ ಪುಡಿ ಬೆರಳಿಗೆ ಹತ್ತಿ, ಒರೆಸಿದ ಗೀರಿನುದ್ದಕ್ಕೂ ಕಡುಹಸಿರು ಮೇಲೇಳುತ್ತದೆ. ಈ ಹಸಿರೊಡಲ ಬೂದನ್ನು ನಮ್ಮವರು ಗೋಡೆಗೆ ಬಳಿದವರಲ್ಲ. ದೃಷ್ಟಿ ತಾಗದಿರಲೆಂದು ಬಾಗಿಲ ಮುಂದೆ ನೇತುಹಾಕಿದರು, ಆಯುಧಪೂಜೆಯ ದಿನ ಕುಂಕುಮ ತುಂಬಿ ನಡುರಸ್ತೆಯಲ್ಲಿ ಒಡೆದರು. ಹಸಿರು ಒಳಬಣ್ಣದ ಬೂದಿಗೆ ಹೊಸ್ತಿಲಾಚೆಗೇ ಜಾಗ, ಕೆಂಪು ಬೆರೆತ ಮೇಲೆಯೇ ಅದಕ್ಕೆ ಮುಕ್ತಿ ಎಂದು ಸಂಪ್ರದಾಯ ಇನ್ನೆಷ್ಟು ಬಿಡಿಸಿ ಹೇಳಬೇಕು?

ಶಬ್ದಪ್ರಮಾಣದ ಶಿಖರ ಮಾತ್ರ ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ, ಮೈಸೂರು ರಸ್ತೆಯ ಪಕ್ಕದಲ್ಲೇ ಇದೆ. ಕೆಂಗಲ್ ಆಂಜನೇಯನ ಸನ್ನಿಧಿಗೆ ಆ ಹೆಸರು ಬಂದದ್ದು ಕೆಂಪು ಛಾಯೆಯ ಕಲ್ಲಿನಿಂದ. ಸುತ್ತ ಗಾವುದ ದೂರ ಬೂದುಬಂಡೆಗಳೇ ತುಂಬಿರುವಾಗ ಊರವರ ಕಣ್ಣು ಹೋಗಿ ನಿಂತದ್ದು ಕಲ್ಲಿನೊಳಗಿನ ಕೆಂಪಿನ ಮೇಲೆ. ಪದದ ರಚನೆಯನ್ನೂ ಗಮನಿಸಬೇಕು. ಕೆಂಪಿನ ಪಕ್ಕ ಕೂತೊಡನೆ ಕಲ್ಲು ತನ್ನ ಗಡಸು ಕಕಾರ ಬಿಟ್ಟು ಗಲ್ಲಾಗುತ್ತದೆ. ವ್ಯಾಕರಣ ಇದನ್ನು ಆದೇಶ ಸಂಧಿ ಎನ್ನುತ್ತದೆ. ಪಕ್ಕದ ಬಣ್ಣದಿಂದ ಒಂದು ಬಣ್ಣ ಬದಲಾದಂತೆ ತೋರುತ್ತದೆಂಬ ನಿಯಮವನ್ನು ಫ್ರಾನ್ಸಿನ ಷೆವ್ರೆಲ್ ಎಂಬ ರಸಾಯನಶಾಸ್ತ್ರಜ್ಞ ಪುಸ್ತಕವಾಗಿ ಪ್ರಕಟಿಸಿದ್ದು 1839ರಲ್ಲಿ. ಗೋಬೆಲಿನ್ ನೇಯ್ಗೆ ಕಾರ್ಖಾನೆಯ ಕಪ್ಪು ದಾರ ಸಾಕಷ್ಟು ಕಪ್ಪಾಗಿಲ್ಲವೆಂದು ದೂರು ಬಂದಾಗ, ತಪ್ಪು ದಾರದ್ದಲ್ಲ, ಪಕ್ಕದ ದಾರದ್ದು ಎಂದು ಆತ ಕಂಡುಕೊಂಡ. ನಮ್ಮ ಕೇಶಿರಾಜ ಕನ್ನಡದ ಸಂಧಿಗಳಿಗೆ ಸೂತ್ರ ಬರೆದದ್ದು 13ನೆಯ ಶತಮಾನದಲ್ಲಿ. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎನ್ನುವವರ ಸಾಲಿಗೆ ಸೇರಲು ಈ ಲೇಖಕನಿಗೆ ಸಂಕೋಚವಿದೆ. ಆದರೆ ಲೆಕ್ಕಕ್ಕೆ ಸುಮಾರು ಆರು ನೂರು ವರ್ಷ ಮೊದಲೇ ಇತ್ತು. ಮಾಗಡಿಯ ಕೆಂಪೇಗೌಡರ ಹೆಸರನ್ನೂ ಈ ಸಾಕ್ಷ್ಯಕ್ಕೆ ಎಳೆದುತರುವ ಆಸೆ ಬಲವಾಗಿದೆ. ಶಾಸ್ತ್ರಕಾರನಿಗೆ ಸಂಯಮ ಬೇಕು, ಆದ್ದರಿಂದ ಎಳೆದು ತಂದಷ್ಟಕ್ಕೇ ಬಿಡಲಾಗಿದೆ.

ಇನ್ನು ಪ್ರತ್ಯಕ್ಷ. ಸುಮಾರು 250 ಕೋಟಿ ವರ್ಷಗಳ ಹಿಂದೆ ಆ ತೀರ್ಮಾನ ಕೈಗೊಂಡದ್ದು ಈ ಸೀಮೆಯ ಬೆಟ್ಟಗಳ ಕಲ್ಲು. ಅದಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಕರ್ನಾಟಕದ ಬೆನ್ನುಹುರಿಯಂತೆ ಮಲಗಿರುವ ಈ ಶಿಲೆಯಲ್ಲಿ ಬೂದೂ ಉಂಟು, ಗುಲಾಬಿಯೂ ಉಂಟು. ಬೂದು ಮುಖ್ಯವಾಗಿ ಕ್ವಾರ್ಟ್ಸ್ ಮತ್ತು ಕರಿಯ ಅಭ್ರಕದ ಕೊಡುಗೆ. ಗುಲಾಬಿ ಬರುವುದು ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಹರಳುಗಳಿಂದ. ದೂರದಿಂದ ನೋಡಿದರೆ ಆನೆ ಮಲಗಿದಂತೆ ಬೂದು. ಹತ್ತಿರ ಹೋಗಿ ಬಂಡೆಗೆ ಮೂಗು ತಾಗಿಸಿದರೆ ಉಗುರಗಲದ ನಸುಗೆಂಪು ಹರಳುಗಳು. ಹೆಸರಿನ ಚರಿತ್ರೆಯೂ ಒಳಬಣ್ಣದ ಪಾಠವೇ. ಟಿಪ್ಪುವಿನ ಕಾಲದಲ್ಲಿ ಶಂಷೇರಾಬಾದ್ ಆಗಿದ್ದ ಊರು ಮೈಸೂರಿನ ರೆಸಿಡೆಂಟ್ ಬ್ಯಾರಿ ಕ್ಲೋಸ್ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು, ಆಮೇಲೆ ರಾಮನಗರವಾಯಿತು, 2007ರಲ್ಲಿ ಜಿಲ್ಲೆಯಾಯಿತು, 2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೊಸ ಕೋಟ್ ಬಿತ್ತು. ಕಲ್ಲು ಮಾತ್ರ ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟೇ. ಎಷ್ಟೇ ಕೋಟ್ ಹೊಡೆದರೂ ಅಡಿಯ ಬಣ್ಣ ಇಣುಕುತ್ತದೆಂಬುದಕ್ಕೆ ಕಂದಾಯ ಇಲಾಖೆಯ ದಾಖಲೆಗಿಂತ ಹೆಚ್ಚಿನ ಆಧಾರ ಬೇಡ. ಮಾಗಡಿ ತಾಲ್ಲೂಕಿನ ಸಾವನದುರ್ಗವಂತೂ ಪ್ರಯೋಗಶಾಲೆ: ಒಂದು ಕಡೆ ಕರಿಗುಡ್ಡ, ಇನ್ನೊಂದು ಕಡೆ ಬಿಳಿಗುಡ್ಡ. ಕಪ್ಪು ಬಿಳುಪು ಬೆರೆತರೆ ಬೂದು ಎನ್ನುವ ಸಾಮಾನ್ಯರ ವಾದ ನಿಜವಾಗಿದ್ದರೆ ಎರಡರ ನಡುವಿನ ಕಣಿವೆ ಶುದ್ಧ ಬೂದಾಗಿರಬೇಕಿತ್ತು. ಅಲ್ಲಿರುವುದು ಕುರುಚಲು ಕಾಡು, ಅಂದರೆ ಹಸಿರು. ಇನ್ನು ಈ ಶಾಸ್ತ್ರವನ್ನು ಸರ್ಕಾರಿ ಖರ್ಚಿನಲ್ಲಿ ಜಾರಿಗೆ ತಂದ ಉದಾಹರಣೆ ವಿಧಾನಸೌಧ. 1956ರಲ್ಲಿ ಮುಗಿದ ಆ ಬೂದುಗಲ್ಲಿನ ಸೌಧದ ಅಲಂಕಾರಕ್ಕೆ ಮಾಗಡಿಯ ಗುಲಾಬಿ ಕಲ್ಲು ಹೋಯಿತು. ಕಟ್ಟಿಸಿದ ಮುಖ್ಯಮಂತ್ರಿ ರಾಮನಗರ ಸೀಮೆಯವರೇ, ಹೆಸರು ಕೆಂಗಲ್ ಹನುಮಂತಯ್ಯ. ಇದನ್ನು ಕಾಕತಾಳೀಯ ಎನ್ನುವವರು ಕಾಗೆಯನ್ನೂ ತಾಳೆಮರವನ್ನೂ ಹಾಜರುಪಡಿಸಬೇಕಾಗುತ್ತದೆ.

ಒಳಬಣ್ಣ ಹುಟ್ಟುವ ಬಗೆ ಹೀಗೆ. ಎಮಲ್ಷನ್ನಿನ ಬಿಳುಪಿಗೆ ಟೈಟಾನಿಯಂ ಡೈಆಕ್ಸೈಡ್, ಕಪ್ಪಿಗೆ ಮಸಿ. ದೀಪದ ಕುಡಿಯ ಮೇಲೆ ಬಟ್ಟಲು ಕವುಚಿ ಹಿಡಿದ ಕಾಡಿಗೆಯ ಜಾತಿಯದೇ ಮಸಿ. ಇವೆರಡನ್ನೇ ಕಲಸಿದರೆ ಬರುವುದು ನೀಲಿ ಮೋರೆಯ ಬೂದು, ಏಕೆಂದರೆ ಸಣ್ಣ ಬಿಳಿ ಕಣಗಳು ನೀಲಿ ಬೆಳಕನ್ನು ತುಸು ಹೆಚ್ಚಾಗಿ ಚದುರಿಸುತ್ತವೆ. ನೀರು ಬೆರೆಸಿದ ಹಾಲು ನೀಲಿಯಾಗಿ ಕಾಣುವುದೂ ಇದೇ ಕಾರಣಕ್ಕೆ, ಈ ವಿಷಯದಲ್ಲಿ ಹಾಲು ಮಾರುವವರಿಗಿರುವ ಜ್ಞಾನವನ್ನು ಯಾರೂ ಅಲ್ಲಗಳೆಯಲಾರರು. ಆ ನೀಲಿಯನ್ನು ಹಿಂದಕ್ಕೆಳೆಯಲು ಅಂಗಡಿಯ ಯಂತ್ರ ರೆಡ್ ಆಕ್ಸೈಡಿನ ಒಂದೆರಡು ಹನಿ ಉಗುಳುತ್ತದೆ. ಆ ಹನಿ ಕಬ್ಬಿಣದ ತುಕ್ಕು. ನಮ್ಮ ಜಗಲಿಯ ಕೆಮ್ಮಣ್ಣಿಗೆ ಕೆಂಪು ಕೊಟ್ಟದ್ದೂ ಅದೇ. ಬಂಡೆಯ ಫೆಲ್ಡ್‌ಸ್ಪಾರನ್ನು ನಸುಗೆಂಪಾಗಿಸಿದ್ದೂ ಅದರೊಳಗೆ ಸಿಕ್ಕಿಕೊಂಡ ಕಬ್ಬಿಣದ ಆಕ್ಸೈಡಿನ ಕಣಗಳೇ. ಮೂರಕ್ಕೂ ಗೋತ್ರ ಒಂದೇ. ಅಜ್ಜಿಯರಿಗೆ ಇದು ಹೊಸದಲ್ಲ. ಹಬ್ಬಕ್ಕೆ ಸುಣ್ಣ ಬಳಿಯುವಾಗ ಬಕೆಟ್ಟಿಗೆ ಒಂದು ಚಿಟಿಕೆ ನೀಲಿ ಹಾಕುತ್ತಿದ್ದರಲ್ಲ, ಅದು ಹಳದಿಯ ಕುತ್ತಿಗೆ ಹಿಚುಕುವ ಒಳಬಣ್ಣ. ಅಂಗಳ ಸಾರಿಸಿದ ಸಗಣಿ ಹಸಿಯಿದ್ದಾಗ ಹಸಿರು, ಒಣಗಿದರೆ ಹಸಿರು ಬೆರೆತ ಬೂದು. ಅದನ್ನು ಯಥಾಪ್ರಕಾರ ಹೊಸ್ತಿಲಾಚೆಗೇ ಇಟ್ಟರು. ಒಳಗೆ, ಅಡುಗೆಮನೆಯಲ್ಲಿ, ರಾಗಿ. ಹಿಟ್ಟು ಚೀಲದಲ್ಲಿದ್ದಾಗ ತಿಳಿಬೂದು, ಎಸರಿಗೆ ಬಿದ್ದು ತೊಳಸಿದ ಮೇಲೆ ಕೆಂಗಂದು. ಹದವಾಗಿ ಬೆಂದ ಮುದ್ದೆಯನ್ನು ಮುರಿದಾಗ ಆವಿಯೊಡನೆ ಕಾಣುವ ಒಳಮೈಯ ಬಣ್ಣವಿದೆಯಲ್ಲ, ಅದಕ್ಕೆ ಸುಣ್ಣ ಬೆರೆಸಿ ತಿಳಿಯಾಗಿಸಿದರೆ ಈ ಪ್ರಬಂಧ ಹೇಳುವ ಬೂದು. ಬೆಳಿಗ್ಗೆ ಸಂಜೆ ಉಂಡದ್ದನ್ನೇ ಅಂಗಡಿಯಲ್ಲಿ ಗುರುತಿಸಲಾರದೆ ತಡಕಾಡುತ್ತಾರೆ ಜನ.

ಪೂರ್ವಪಕ್ಷ ಹೇಳೀತು: ಬಂಡೆ ಬಿಸಿಲಲ್ಲಿರುವುದು, ಗೋಡೆ ಮನೆಯೊಳಗಿರುವುದು, ಉತ್ತರಕ್ಕೆ ಕಿಟಕಿಯಿದ್ದರೆ ತಣ್ಣನೆಯ ನೀಲಿ ಬೆಳಕು ಬರುತ್ತದೆಂದು ಲೋಕದ ಎಲ್ಲ ಅಲಂಕಾರ ಪುಸ್ತಕಗಳೂ ಹೇಳುತ್ತವಲ್ಲ? ಹೇಳುತ್ತವೆ, ಅವು ಲಂಡನ್ನಿನ ಪುಸ್ತಕಗಳು. 51 ಡಿಗ್ರಿ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯ ಜನ್ಮದಲ್ಲಿ ಉತ್ತರಕ್ಕೆ ಬರುವುದಿಲ್ಲ. ಈ ನಾಲ್ಕು ಊರುಗಳು ಇರುವುದು ಹನ್ನೆರಡೂವರೆ, ಹದಿಮೂರು ಡಿಗ್ರಿಯ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ವರ್ಷದಲ್ಲಿ ಮೂರರಲ್ಲೊಂದು ಪಾಲು ಉತ್ತರದ ಕಿಟಕಿಯ ಸಜ್ಜೆಯ ಮೇಲೆ ಬಿಸಿಲು ಬಡಿಯುವ ಊರಿನಲ್ಲಿ ಲಂಡನ್ನಿನ ನಿಯಮ ಹಿಡಿದು ಬಣ್ಣ ಆರಿಸುವುದು, ಅಲ್ಲಿನ ಮಳೆ ನೋಡಿ ಇಲ್ಲಿ ರಾಗಿ ಬಿತ್ತಿದಂತೆ. ರಾತ್ರಿಯ ಮಾತು ಬೇರೆ. ನಮ್ಮ ಮನೆಗಳ 6500 ಕೆಲ್ವಿನ್ನಿನ ಬಿಳಿ ಟ್ಯೂಬ್‌ಲೈಟಿಗೆ ನೀಲಿಯ ಒಲವು. ಅದರ ಕೆಳಗೆ ನೀಲಿ ಬೂದು ಶವಾಗಾರವಾಗುತ್ತದೆ, ನಸುಗೆಂಪು ಬೂದು ಕೆಂಪನ್ನು ಕಳೆದುಕೊಂಡು ಕಡೆಗೂ ಬರೀ ಬೂದಾಗಿ ಕಾಣುತ್ತದೆ. ಶುದ್ಧ ಬೂದು ಬೇಕೆಂದು ಹಟ ಹಿಡಿದವರಿಗೂ ನಮ್ಮ ಸಿದ್ಧಾಂತದಲ್ಲಿ ಸಂಜೆ ಏಳರ ಮೇಲೆ ಅವಕಾಶವುಂಟು.

ಚನ್ನಪಟ್ಟಣದ ಆಕ್ಷೇಪ ಇನ್ನೂ ಗಂಭೀರ. ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಬಿಸಿಗೇ ಅದು ಕರಗಿ ಕೆಂಪು ಹಳದಿಯಾಗಿ ಹೊಳೆಯುವ ಊರಿನವರಿಗೆ ಬೂದು ಯಾಕೆ? ಅಲ್ಲಿನ ಗೊಂಬೆಗಳಲ್ಲಿ ಆನೆಯೂ ಬೂದಾಗಿ ಹುಟ್ಟಬೇಕೆಂಬ ಕಟ್ಟಳೆಯಿಲ್ಲ, ಕೆಂಪಾನೆ ಹಸಿರಾನೆಗಳೇ ಮಕ್ಕಳ ಕೈ ಸೇರುತ್ತವೆ. ಉತ್ತರ: ಅದಕ್ಕೇ ಬೂದು ಬೇಕು. ಕೆಂಪಾನೆಯನ್ನು ಕೆಂಪು ಗೋಡೆಯ ಮುಂದಿಟ್ಟರೆ ಆನೆ ಕಾಣೆಯಾಗುತ್ತದೆ. ಬೂದಿ ಅಶುಭ ಎನ್ನುವವರಿಗೆ ವಿಭೂತಿ ತೋರಿಸಿ ಮುಂದೆ ಹೋಗಬಹುದು. ಸಿಮೆಂಟೇ ಬೂದಾಗಿರುವಾಗ ಬಕೆಟ್ಟಿಗೆ ದುಡ್ಡು ಸುರಿಯುವುದೇಕೆ ಎನ್ನುವವರಿಗೆ, ಸಿಮೆಂಟಿನ ಬೂದಿನಲ್ಲಿ ಹಸಿರಿನ ಸುಳಿವಿದೆ, ಕುಂಬಳಕಾಯಿಯ ನ್ಯಾಯ ನೆನಪಿಸಿಕೊಳ್ಳಿ ಎನ್ನಬೇಕು. ಆದರೆ ಕನಕಪುರದ ಕಡೆಯಿಂದ ಬರುವ ಪ್ರಶ್ನೆಯೊಂದಕ್ಕೆ ಶಾಸ್ತ್ರದಲ್ಲೂ ಹಾರಿಕೆಯ ಉತ್ತರವಿಲ್ಲ. ಈ ಸೀಮೆಯ ಕಲ್ಲು ಕ್ವಾರಿಯಲ್ಲಿ ಸೀಳಿಸಿಕೊಂಡು, ಮಲ್ಟಿಕಲರ್ ಎಂಬ ಹೆಸರು ಹೊತ್ತು, ಕನ್ನಡಿಯಂತೆ ಉಜ್ಜಿಸಿಕೊಂಡು ದೂರದೂರದ ಅಡುಗೆಮನೆಗಳ ಕಟ್ಟೆಯಾಗುತ್ತದೆ. ಇಲ್ಲಿನವನು ಪೇಟೆಗೆ ಹೋಗಿ, ಹೊಗೆ, ಮಂಜು, ಪಾರಿವಾಳ ಎಂದೆಲ್ಲ ಹೆಸರಿಟ್ಟ ಅದೇ ಬೂದನ್ನು 20 ಲೀಟರ್ ಬಕೆಟ್ಟಿನಲ್ಲಿ ಹೊತ್ತು ತರುತ್ತಾನೆ. ಬೆಟ್ಟ ಚಪ್ಪಡಿಯಾಗಿ ಹೋಗಿ ಎಮಲ್ಷನ್ನಾಗಿ ವಾಪಸಾಗುವ ಈ ವ್ಯವಹಾರದಲ್ಲಿ ನಷ್ಟ ಯಾರಿಗೆ ಎಂಬುದು ಬಣ್ಣಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿ ಈ ಲೇಖಕ ತಪ್ಪಿಸಿಕೊಳ್ಳಬಯಸುತ್ತಾನೆ. ಕಲ್ಲು ಖಾಲಿಯಾದ ಹಳ್ಳದಲ್ಲಿ ಮಳೆನೀರು ನಿಂತಿರುತ್ತದೆ. ಅದರ ಒಳಬಣ್ಣ ಹಸಿರು.

ಉಳಿದದ್ದು ಪ್ರಯೋಗವಿಧಿ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ಒಂದು ಹಿಡಿ ರೇಷ್ಮೆಗೂಡನ್ನು ಅಂಗೈಯಲ್ಲಿ ಆಡಿಸಿ, ಬೆಳಕಿಗೆ ತಿರುಗಿಸಿ, ಬಿಳಿಯೊಳಗಿನ ಕಲೆ ಹುಡುಕುವುದನ್ನು ನೋಡಿ ಕಲಿಯಬೇಕು. ಅಂಗಡಿಯ ದೀಪದ ಕೆಳಗೆ ಕಾರ್ಡು ನೋಡಿ ತಲೆಯಾಡಿಸುವುದು ಪಾಂಡಿತ್ಯವಲ್ಲ. ಚಿಕ್ಕ ಡಬ್ಬಿ ತಂದು, ಪ್ರೈಮರ್ ಬಿದ್ದ ಗೋಡೆಯ ಮೇಲೆ ಎರಡಡಿ ಚೌಕ ಎರಡು ಕೋಟ್ ಹೊಡೆಸಿ, ಬೆಳಿಗ್ಗೆ, ಮಧ್ಯಾಹ್ನ, ಟ್ಯೂಬ್‌ಲೈಟಿನಲ್ಲಿ ಮೂರು ಹೊತ್ತೂ ನೋಡಬೇಕು. ಈ ಹಂತದಲ್ಲಿ ಮೇಸ್ತ್ರಿ ‘ಒಣಗುದ್ಮೇಲೆ ಸರೋಯ್ತದೆ ಬುಡಿ ಸಾ’ ಎನ್ನುತ್ತಾನೆ. ಈ ಆಪ್ತವಾಕ್ಯ ಸುಣ್ಣದ ಯುಗದ್ದು. ಸುಣ್ಣ ಹಸಿಯಲ್ಲಿ ನೀರಿನಂತಿದ್ದು ಒಣಗಿ ಬೆಳ್ಳಗಾಗುತ್ತದೆ. ಎಮಲ್ಷನ್ ಒಣಗುತ್ತ ಸಾಮಾನ್ಯವಾಗಿ ಇನ್ನಷ್ಟು ಗಾಢವಾಗುತ್ತದೆ, ಒಳಬಣ್ಣ ಒಣಗಿದ ಮೇಲೆಯೇ ಹಲ್ಲು ಕಿರಿಯುತ್ತದೆ. ಇಷ್ಟೆಲ್ಲ ಮಾಡಿ ಸರಿಯಾದ ಬೂದನ್ನೇ ಹೊಡೆಸಿದ ಮನೆಯ ಮುಂದೆ ಬೀದಿಯವರು ನಿಂತು ಕೇಳುವ ಪ್ರಶ್ನೆ, ‘ಬಣ್ಣ ಯಾವಾಗ ಹೊಡುಸ್ತೀರಿ?’ ಇದಕ್ಕೆ ಸಂಪ್ರದಾಯದಲ್ಲೇ ಪರಿಹಾರವಿದೆ: ಗೋಡೆಯ ಬುಡದಲ್ಲಿ ಗೇಣಗಲ ಕೆಮ್ಮಣ್ಣಿನ ಪಟ್ಟೆ. ಪಟ್ಟೆ ಬಿತ್ತೆಂದರೆ ಕೆಲಸ ಮುಗಿಯಿತೆಂದು ಲೋಕಕ್ಕೆ ತಿಳಿಯುತ್ತದೆ. ತೊಡಕೊಂದೇ. ಷೆವ್ರೆಲ್ ನಿಯಮದ ಪ್ರಕಾರ ಕೆಂಪು ಪಟ್ಟೆಯ ಪಕ್ಕದ ಬೂದು ಹಸಿರಿಗೆ ತಿರುಗಿದಂತೆ ಕಾಣುತ್ತದೆ, ಅಂದರೆ ಇಷ್ಟು ಕಷ್ಟಪಟ್ಟು ತಂದ ನಸುಗೆಂಪು ಮಾಯ. ಇನ್ನೆರಡು ಹನಿ ರೆಡ್ ಆಕ್ಸೈಡ್ ಹಾಕಿಸಿ ಇಡೀ ಗೋಡೆಗೆ ಇನ್ನೊಂದು ಕೋಟ್ ಹೊಡೆಸಬೇಕಾಗುತ್ತದೆ. ಮೇಸ್ತ್ರಿಯನ್ನು ವಾಪಸು ಕರೆದರೆ ಅವನು ಏಣಿ ಇಳಿಸುವ ಮೊದಲೇ ಏನನ್ನುತ್ತಾನೆಂಬುದು ಮೇಲೆ ಉಲ್ಲೇಖವಾಗಿದೆ.